ಹುಟ್ಟಾ ಅಗಲ ಮೈಯೋ, ಮೇಲೆ ಬಂದ ಕೊಬ್ಬೋ?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ನಮ್ಮ ತೋಟವಿದೆ. ಎರಡು ವರ್ಷದ ಹಿಂದೆ, ಮೈಸೂರಿನಲ್ಲಿ ಟಾಂಗಾ ಓಡಿಸುವುದನ್ನು ಬಿಟ್ಟವರೊಬ್ಬರಿಂದ ಒಂದು ಹೆಣ್ಣು ಕುದುರೆ ಕೊಂಡೆವು. ನಾಟಿ ಮಿಶ್ರತಳಿ, ಹನ್ನೊಂದು ವರ್ಷ, ಹದಿಮೂರೂವರೆ ಹ್ಯಾಂಡ್ (ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು) ಎತ್ತರ. ಆಗಿನಿಂದ ಅವರು ಹೇಳಿದಷ್ಟೇ ಹಾಕುತ್ತಿದ್ದೇವೆ: ದಿನಕ್ಕೆ ಎರಡು ಕೆಜಿ ಹುರುಳಿ ಬೇಯಿಸಿ ಎರಡು ಹೊತ್ತು, ಒಂದು ಕೆಜಿ ಗೋಧಿ ಬೂಸಾ, ಒಂದು ಹಿಡಿ ಬೆಲ್ಲ, ಮೇಲೆ ನೇಪಿಯರ್ ಹುಲ್ಲು ಬೇಕಾದಷ್ಟು. ಶಿವರಾತ್ರಿ ಸುಮಾರಿಗೆ ಪಕ್ಕದ ಗದ್ದೆಯ ಕಬ್ಬು ಕಡಿದಾಗ ಎರಡು ವಾರ ಸೋಗೆಯನ್ನೂ ತಿಂದಿತು. ಸವಾರಿ ಭಾನುವಾರ ಮಾತ್ರ. ಮೊನ್ನೆ, ಜೂನ್ ಮೊದಲ ವಾರ, ಲಾಳ ಹೊಡೆಯಲು ಬಂದವರು ‘ಇದಕ್ಕೆ ಕೊಬ್ಬು ಜಾಸ್ತಿಯಾಗಿದೆ, ಕಾಲು ಹೋಗುತ್ತೆ ನೋಡಿ’ ಅಂದರು. ಮುಂಗಾಲಿನ ಗೊರಸಿನ ಮೇಲೆ, ಕೂದಲಿನ ಅಂಚಿನಿಂದ ಮೂರು ಸೆಂಟಿಮೀಟರ್ ಕೆಳಗೆ, ಒಂದು ಉಂಗುರದಂಥ ಗೆರೆಯನ್ನೂ ತೋರಿಸಿದರು. ನಮ್ಮ ಮಾವ ಒಪ್ಪುವುದಿಲ್ಲ. ‘ಇದರ ತಾಯಿಯೂ ಹೀಗೇ ಅಗಲ ಇತ್ತಂತೆ. ಕುದುರೆ ಅಂದರೆ ಬೆನ್ನ ಮೇಲೆ ನೀರು ಸುರಿದರೆ ನಿಲ್ಲಬೇಕು’ ಅನ್ನುತ್ತಾರೆ. ಎದೆಸುತ್ತು 172 ಸೆಂ.ಮೀ., ಉದ್ದ 140 ಸೆಂ.ಮೀ. ಇದೆ. ಇತ್ತೀಚೆಗೆ ಜೀನು ಪಕ್ಕಕ್ಕೆ ಜಾರುತ್ತದೆ. ಎರಡು ದಿನ ಮೇವು ನಿಲ್ಲಿಸಿ ನೋಡಲೇ? ಥೈರಾಯ್ಡ್ ತೊಂದರೆ ಇರಬಹುದೇ?

ಉತ್ತರ: ಮೇವು ನಿಲ್ಲಿಸುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ತುರ್ತು. ಮೇವು ನಿಲ್ಲಿಸಬೇಡಿ. ಒಂದು ದಿನವೂ ಬೇಡ. ಮೈ ತುಂಬಿದ ಗಿಡ್ಡ ಕುದುರೆಯನ್ನು ಉಪವಾಸ ಕೆಡವಿದರೆ ದೇಹ ತನ್ನ ಕೊಬ್ಬನ್ನು ಒಮ್ಮೆಲೇ ಕರಗಿಸಿ ರಕ್ತಕ್ಕೆ ಬಿಡುತ್ತದೆ. ಯಕೃತ್ತಿಗೆ ಅದನ್ನು ನಿಭಾಯಿಸಲು ಆಗುವುದಿಲ್ಲ. ಆಗ ತೆಗೆದ ರಕ್ತವನ್ನು ಟ್ಯೂಬಿನಲ್ಲಿ ನಿಲ್ಲಿಸಿಟ್ಟರೆ ಮೇಲಿನ ತಿಳಿ ಹಾಲಿನಂತೆ ಬೆಳ್ಳಗಾಗಿರುತ್ತದೆ. ಕುದುರೆ ಮಂಕಾಗುತ್ತದೆ, ಆಮೇಲೆ ಮೇವು ಕೊಟ್ಟರೂ ಮುಟ್ಟುವುದಿಲ್ಲ, ಎಷ್ಟೋ ಸಲ ಉಳಿಯುವುದೂ ಇಲ್ಲ. ಗಿಡ್ಡ ಕುದುರೆ, ಕತ್ತೆ, ಗಬ್ಬದ ಕುದುರೆಗಳಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು.

ಇನ್ನು ನಿಮ್ಮ ಮನೆಯ ವಾದಕ್ಕೆ ಬರೋಣ. ಲಾಳದವರು ಸರಿಯೋ ಮಾವ ಸರಿಯೋ ಎಂದು ಕೇಳಿದ್ದೀರಿ. ಕಾಗದದಲ್ಲಿರುವ ವಿವರಗಳನ್ನು ಸೇರಿಸಿ ನೋಡಿದರೆ ಇಬ್ಬರೂ ಸರಿ. ಕುದುರೆ ಹುಟ್ಟಿನಿಂದ ಅಗಲ ಮೈಯದೇ ಇರಬಹುದು, ಆ ಅಗಲದ ಮೇಲೆ ಈಗ ಕೊಬ್ಬೂ ಕೂತಿದೆ. ‘ಅಗಲ ಮೈ’ ಮತ್ತು ‘ಕೊಬ್ಬು’ ಒಂದಿದ್ದರೆ ಇನ್ನೊಂದಿಲ್ಲ ಎನ್ನುವಂಥವಲ್ಲ. ಅಗಲ ಮೈಯ ಗಿಡ್ಡ ಕುದುರೆಗಳೇ ಬೇಗ ಕೊಬ್ಬುವುದು. ಒಣ ನೆಲದಲ್ಲಿ ಸಿಕ್ಕಿದ್ದನ್ನು ಮೇಯ್ದುಕೊಂಡು ಹೊರೆ ಹೊತ್ತು ಬಂದ ತಳಿಗಳು ಕಡಿಮೆ ಮೇವಿನಲ್ಲಿ ಮೈ ಉಳಿಸಿಕೊಳ್ಳಲು ಪಳಗಿವೆ. ಕುರಿಗಾಹಿಗಳ ಜತೆ ಸಾಮಾನು ಹೊತ್ತು ನಡೆಯುವ ದಖನಿ ಕುದುರೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಂಥ ರಕ್ತದ ಕುದುರೆಗೆ ನೇಪಿಯರ್ ರಾಶಿ ಹಾಕಿ ಲಾಯದಲ್ಲಿ ನಿಲ್ಲಿಸಿದರೆ ಏನಾಗಬೇಕೋ ಅದೇ ಆಗಿದೆ.

ಕಣ್ಣಳತೆ ಇಲ್ಲಿ ಮೋಸ ಮಾಡುವುದಕ್ಕೂ ಕಾರಣವಿದೆ. ಮೈಸೂರಿನ ಸುತ್ತಮುತ್ತ ಜನ ನೋಡುವುದು ಹೆಚ್ಚಾಗಿ ಎರಡು ಬಗೆಯ ಕುದುರೆ. ರೇಸ್ ಕೋರ್ಸಿನ ಥರೋಬ್ರೆಡ್ ಎತ್ತರ, ಸಪೂರ. ಹತ್ತಿರ ಹೋದರೆ ಪಕ್ಕೆಯ ಗೆರೆ ಕಾಣುತ್ತದೆ. ಟಾಂಗಾದ ಕುದುರೆ ದಿನವಿಡೀ ದುಡಿದು ಸೊರಗಿರುತ್ತದೆ. ಇವೆರಡನ್ನು ನೋಡಿ ಪಳಗಿದ ಕಣ್ಣಿಗೆ ನಿಮ್ಮ ಕುದುರೆ ‘ಚೆನ್ನಾಗಿ ಸಾಕಿದ್ದಾರೆ’ ಅನ್ನಿಸುವುದು ಸಹಜ. ಹಾಗಾಗಿ ಕಣ್ಣನ್ನು ಬಿಟ್ಟು ಕೈಯಿಂದ ನೋಡಬೇಕು.

ಮೊದಲು ಮೂಳೆ ನೋಡಿ. ಕೊಬ್ಬು ಎಲ್ಲಿ ಕೂರುವುದಿಲ್ಲವೋ ಅಲ್ಲಿ ನೋಡಿದರೆ ನಿಜವಾದ ಕಟ್ಟು ತಿಳಿಯುತ್ತದೆ. ಮುಂಗಾಲಿನ ಮಂಡಿಯ ಕೆಳಗೆ ಬರೀ ಮೂಳೆ, ನರ, ಚರ್ಮ; ಎಷ್ಟೇ ತಿನ್ನಿಸಿದರೂ ಅಲ್ಲಿ ದಪ್ಪವಾಗುವುದಿಲ್ಲ. ಅದು ಗಟ್ಟಿಯಾಗಿ, ದಪ್ಪವಾಗಿದ್ದು, ಎದುರಿಗೆ ನಿಂತು ನೋಡಿದಾಗ ಎರಡು ಮುಂಗಾಲುಗಳ ನಡುವೆ ಒಳ್ಳೆಯ ಅಂತರವಿದ್ದರೆ, ಹಿಂದಿನಿಂದ ನೋಡಿದಾಗ ಸೊಂಟದ ಎರಡು ಮೂಳೆಮೊನೆಗಳು ದೂರದೂರ ಇದ್ದರೆ, ಮಾವನವರ ಮಾತು ನಿಜ, ಅದು ಹುಟ್ಟಾ ಅಗಲ ಮೈ. ಕಾಲು ಕಡ್ಡಿಯಂತಿದ್ದು ಮೈ ಮಾತ್ರ ಪೀಪಾಯಿಯಂತಿದ್ದರೆ ಅಗಲದ ಮಾತೇ ಇಲ್ಲ.

ಆಮೇಲೆ ಕೊಬ್ಬು. ಜಗತ್ತಿನಾದ್ಯಂತ ಕುದುರೆ ವೈದ್ಯರು ಬಳಸುವುದು 1983ರಲ್ಲಿ ಹೆನೆಕೆ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ರೂಪಿಸಿದ 1ರಿಂದ 9ರವರೆಗಿನ ಅಂಕಪಟ್ಟಿ. 1 ಅಂದರೆ ಎಲುಬಿನ ಗೂಡು, 9 ಅಂದರೆ ವಿಪರೀತ ಬೊಜ್ಜು, 5ರ ಆಸುಪಾಸು ಸರಿಯಾದ ಮೈ. ಅದರಲ್ಲಿ ಆರು ಜಾಗ ಮುಟ್ಟಿ ನೋಡುತ್ತಾರೆ: ಕತ್ತು, ಬೆನ್ನು ಶುರುವಾಗುವಲ್ಲಿ ಎದ್ದಿರುವ ಹೆಗಲ ದಿಬ್ಬ, ಭುಜದ ಹಿಂಬದಿ, ಪಕ್ಕೆ, ಸೊಂಟದ ಮೇಲಿನ ಬೆನ್ನು, ಬಾಲದ ಬುಡ. ಹೊಟ್ಟೆ ಈ ಪಟ್ಟಿಯಲ್ಲೇ ಇಲ್ಲ ಎಂಬುದನ್ನು ಗಮನಿಸಿ. ಜೋತ ಹೊಟ್ಟೆ ಎಂದರೆ ಒರಟು ಹುಲ್ಲು ತುಂಬಿದ ದೊಡ್ಡ ಕರುಳಿರಬಹುದು, ಜಂತುಹುಳವಿರಬಹುದು, ಹೊಟ್ಟೆ ಎತ್ತಿ ಹಿಡಿಯುವ ಸ್ನಾಯು ಸಡಿಲಾಗಿರಬಹುದು. ಹೊಟ್ಟೆ ಜೋತುಬಿದ್ದು ಬೆನ್ನೆಲುಬು ಕಾಣುವ ಕುದುರೆಗೆ ಮೇವು ಕಡಿಮೆ ಮಾಡಿದರೆ ದೊಡ್ಡ ತಪ್ಪಾಗುತ್ತದೆ. ನಿಮ್ಮದು ಹೆಣ್ಣಾದ್ದರಿಂದ ಇನ್ನೊಂದು ಮಾತು: ಕಳೆದ ಹನ್ನೊಂದು ತಿಂಗಳಲ್ಲಿ ಗಂಡು ಕುದುರೆಯ ಸಹವಾಸ ಆಗಿದ್ದರೆ ಮೊದಲು ಗಬ್ಬದ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಯಾವ ಪಥ್ಯವೂ ಬೇಡ.

ಪಕ್ಕೆಯನ್ನು ನೋಡುವ ಅಳತೆಗೋಲು ನಿಮ್ಮ ಕೈಯಲ್ಲೇ ಇದೆ. ಎಡಗೈ ಮುಷ್ಟಿ ಬಿಗಿಹಿಡಿದು ಬಲಗೈ ಬೆರಳುಗಳಿಂದ ಗೆಣ್ಣುಗಳ ಮೇಲೆ ಸವರಿ. ಕುದುರೆಯ ಪಕ್ಕೆ ಹಾಗೆ ಚುಚ್ಚಿದರೆ ಅದು ಬಡಕಲು. ಮುಷ್ಟಿ ಬಿಚ್ಚಿ, ಬೆರಳು ನೀಟಾಗಿ ಚಾಚಿ, ಅಂಗೈಯ ಹಿಂಬದಿಯನ್ನು ಸವರಿ. ತೆಳು ಪದರದ ಕೆಳಗೆ ಒಂದೊಂದೇ ಮೂಳೆ ಸುಲಭವಾಗಿ ಸಿಗುತ್ತದೆ, ಪಕ್ಕೆ ಹೀಗಿರಬೇಕು. ಈಗ ಅಂಗೈ ತಿರುಗಿಸಿ ಹೆಬ್ಬೆರಳಿನ ಬುಡದ ಮೆತ್ತನೆಯ ಉಬ್ಬನ್ನು ಒತ್ತಿ. ಪಕ್ಕೆ ಹಾಗೆ ಸಿಕ್ಕರೆ, ಅಂದರೆ ಒತ್ತಿ ಹುಡುಕಿದರೆ ಮಾತ್ರ ಮೂಳೆ ತಿಳಿಯುವಂತಿದ್ದರೆ, ಕೊಬ್ಬು ಹೆಚ್ಚಾಗಿದೆ. ಮೊಣಕೈಯಿಂದ ಒಂದು ಗೇಣು ಹಿಂದೆ, ಪಕ್ಕೆಯ ನಡುಮಟ್ಟದಲ್ಲಿ, ಎರಡೂ ಬದಿ ನೋಡಿ. ಎಷ್ಟೇ ಅಗಲ ಮೈಯ ಕುದುರೆಯಾದರೂ ಪಕ್ಕೆ ಕೈಗೆ ಸಿಗಲೇಬೇಕು. ಅಗಲ ಮೈ ಪಕ್ಕೆಯ ಬಾಗನ್ನು ದುಂಡಾಗಿಸುತ್ತದೆ, ಮುಚ್ಚುವುದಿಲ್ಲ.

ಮಾವನವರು ಹೇಳಿದ ಬೆನ್ನಿನ ಕಾಲುವೆಯನ್ನು ಇಲ್ಲೇ ನೋಡಿಬಿಡೋಣ. ಸೊಂಟದ ಸ್ನಾಯು ದಪ್ಪಗೆ ಬೆಳೆದ ಕುದುರೆಯಲ್ಲಿ ಬೆನ್ನೆಲುಬಿನ ಗುಂಟ ಸಣ್ಣ ತಗ್ಗು ಇರುವುದುಂಟು. ಬೆರಳಿನಿಂದ ಒತ್ತಿ. ಸ್ನಾಯುವಾದರೆ ಬಿಗಿಯಾಗಿರುತ್ತದೆ, ಒತ್ತಿದೊಡನೆ ಕುದುರೆ ಬೆನ್ನು ಸೆಟೆಸುತ್ತದೆ. ಕೊಬ್ಬಾದರೆ ಬೆರಳು ಒಳಗಿಳಿಯುತ್ತದೆ, ಸ್ಪಂಜಿನಂತೆ. ವಾರಕ್ಕೊಂದು ಗಂಟೆ ನಡೆಯುವ ಕುದುರೆಗೆ ಅಷ್ಟು ಸ್ನಾಯು ಬೆಳೆಯುವುದಿಲ್ಲ. ಬಾಲದ ಬುಡದ ಎರಡೂ ಪಕ್ಕವನ್ನೂ ಹೀಗೇ ಒತ್ತಿ ನೋಡಿ. ಜೀನು ಜಾರುವುದೂ ಇದರ ಭಾಗವೇ: ಹೆಗಲ ದಿಬ್ಬದ ಎರಡೂ ಬದಿ ಕೊಬ್ಬು ತುಂಬಿದರೆ ಜೀನಿಗೆ ಆನಿಕೊಳ್ಳಲು ಏನೂ ಉಳಿಯುವುದಿಲ್ಲ. ಹೊಟ್ಟೆಪಟ್ಟಿಯನ್ನು ಇನ್ನೂ ಬಿಗಿದು ಸರಿಮಾಡಲು ಹೋಗಬೇಡಿ, ಮೊಣಕೈ ಹಿಂದೆ ಹುಣ್ಣಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕತ್ತಿನ ಮೇಲಂಚು. ಕುದುರೆ ತಲೆಯನ್ನು ಸಹಜವಾಗಿ ಇಟ್ಟುಕೊಂಡಿರುವಾಗ ಕತ್ತಿನ ನಡುವೆ, ಕೂದಲಿನ ಬುಡವನ್ನು ಅಂಗೈಯಲ್ಲಿ ಹಿಡಿದು ಅತ್ತಿತ್ತ ಬಾಗಿಸಿ. ತೆಳುವಾಗಿ ಸುಲಭವಾಗಿ ಬಾಗಿದರೆ ಚಿಂತೆಯಿಲ್ಲ. ಮುಷ್ಟಿ ತುಂಬ ದಪ್ಪ ದಿಂಡು ಸಿಕ್ಕಿ ಬಾಗಲು ಬಿಗಿಯಾಗಿದ್ದರೆ ಅದು ಅಪಾಯದ ಗುರುತು. ಬೀಜದ ಗಂಡು ಕುದುರೆಗೆ ಕತ್ತು ಉಬ್ಬಿರುವುದು ಸಹಜ. ಹೆಣ್ಣಿಗೂ ಬೀಜ ಒಡೆದದ್ದಕ್ಕೂ ಸಹಜವಲ್ಲ. ಮೈಯ ಉಳಿದೆಡೆಯ ಕೊಬ್ಬಿಗಿಂತ ಕತ್ತಿನ ಕೊಬ್ಬು ಇನ್ಸುಲಿನ್ ಏರುಪೇರಿನ ಸೂಚನೆಯನ್ನು ಹೆಚ್ಚು ಕೊಡುತ್ತದೆ.

ಇನ್ಸುಲಿನ್ ಮಾತು ಯಾಕೆ ಬಂತೆಂದರೆ, ಲಾಳದವರು ಹೆದರಿದ್ದು ಅದಕ್ಕೇ. ಗೊರಸಿನ ಗೋಡೆ ಒಳಗಿನ ಮೂಳೆಗೆ ಅಂಟಿಕೊಂಡಿರುವುದು ಪುಸ್ತಕದ ಹಾಳೆಗಳಂಥ ಸೂಕ್ಷ್ಮ ಪದರಗಳಿಂದ. ಒಂದರ ಹಾಳೆ ಇನ್ನೊಂದರ ಹಾಳೆಗಳ ನಡುವೆ ಸೇರಿಕೊಂಡು ಇಡೀ ಕುದುರೆಯ ಭಾರವನ್ನು ತೂಗುಹಾಕಿಕೊಂಡಿರುತ್ತವೆ. ಕೊಬ್ಬಿದ ಕುದುರೆ ಸಕ್ಕರೆಯಂಶದ ಮೇವು ತಿಂದಾಗ ರಕ್ತದಲ್ಲಿ ಇನ್ಸುಲಿನ್ ಏರಿ ನಿಂತರೆ ಈ ಪದರಗಳು ಹಿಗ್ಗಿ ಸಡಿಲಾಗುತ್ತವೆ. ಇದೇ ಲ್ಯಾಮಿನೈಟಿಸ್. ಮೂಳೆ ಒಳಗೇ ಕೆಳಕ್ಕೆ ಕುಸಿದರೆ ಕುದುರೆ ಮತ್ತೆ ನೆಟ್ಟಗೆ ನಡೆಯುವುದು ಕಷ್ಟ.

ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮೂರು ಸೆಂಟಿಮೀಟರ್ ಕೆಳಗಿರುವ ಗೆರೆ ಮೂರರಿಂದ ನಾಲ್ಕು ತಿಂಗಳ ಹಿಂದಿನದು. ಜೂನ್‌ನಿಂದ ಹಿಂದಕ್ಕೆ ಎಣಿಸಿದರೆ ಶಿವರಾತ್ರಿಯ ಸುಮಾರಿಗೆ, ನೀವು ಕಬ್ಬಿನ ಸೋಗೆ ಹಾಕಿದ ಕಾಲಕ್ಕೆ, ಬಂದು ನಿಲ್ಲುತ್ತದೆ. ಬರೀ ಗೆರೆಯಿಂದ ರೋಗ ತೀರ್ಮಾನ ಮಾಡಲಾಗದು. ಮೇವು ಬದಲಾದಾಗ, ಜ್ವರ ಬಂದಾಗಲೂ ಗೆರೆ ಮೂಡುತ್ತದೆ. ವ್ಯತ್ಯಾಸ ತಿಳಿಯಲು ಗೆರೆಯನ್ನು ಮುಂಭಾಗದಿಂದ ಹಿಮ್ಮಡಿಯವರೆಗೆ ಬೆರಳಿಟ್ಟು ಹಿಂಬಾಲಿಸಿ. ಎಲ್ಲ ಕಡೆ ಕೂದಲಿನ ಅಂಚಿಗೆ ಸಮಾನಾಂತರವಾಗಿದ್ದರೆ ಅಷ್ಟು ಹೆದರಬೇಕಿಲ್ಲ. ಹಿಮ್ಮಡಿಯ ಕಡೆ ಅಂತರ ಅಗಲವಾಗುತ್ತ ಹೋದರೆ ಗೊರಸಿನ ಮುಂಭಾಗ ಸರಿಯಾಗಿ ಬೆಳೆದಿಲ್ಲ ಎಂದರ್ಥ, ಅದು ಲ್ಯಾಮಿನೈಟಿಸ್ ಬಂದುಹೋದ ಗುರುತು. ಹಾಗಿದ್ದರೆ ಪಥ್ಯ ಆರಂಭಿಸುವ ಮೊದಲೇ ಪಶುವೈದ್ಯರನ್ನು ಕರೆಸಿ ಗೊರಸಿನ ಎಕ್ಸ್‌ರೇ ಮಾಡಿಸಿ.

ಈಗ ಕಾಲು ಬಿಸಿಯಿದೆಯೇ, ಗಟ್ಟಿ ನೆಲದಲ್ಲಿ ಚಿಕ್ಕದಾಗಿ ತಿರುಗಿಸಿದಾಗ ಹೆಜ್ಜೆ ತಡವರಿಸುತ್ತದೆಯೇ ನೋಡಿ. ಗೊರಸಿನ ಮೇಲಿನ ಗಂಟಿನ ಹಿಂಬದಿಯ ಎರಡೂ ಪಕ್ಕ ಎರಡು ಬೆರಳು ಹಗುರವಾಗಿ ಇಡಿ. ಆರೋಗ್ಯವಂತ ಕುದುರೆಯಲ್ಲಿ ಅಲ್ಲಿನ ನಾಡಿಯನ್ನು ಹುಡುಕಬೇಕಾಗುತ್ತದೆ. ಬೆರಳಿಟ್ಟ ಕೂಡಲೇ ಡಬ್ ಡಬ್ ಎಂದು ಎದ್ದು ಹೊಡೆದರೆ, ಅಥವಾ ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತರೆ, ಅವತ್ತೇ ವೈದ್ಯರು ಬೇಕು. ನಡೆಸುವಂತಿಲ್ಲ. ದಪ್ಪ ಮರಳಿನ ಅಥವಾ ಮರದ ಹೊಟ್ಟಿನ ಹಾಸಿನ ಮೇಲೆ ನಿಲ್ಲಿಸಿ, ಗೊರಸಿಗೆ ಮಂಜುಗಡ್ಡೆ ನೀರು ಕಟ್ಟಿ ಕಾಯಿರಿ. ಇನ್ನೊಂದು ಎಚ್ಚರಿಕೆ: ಇಂಥ ಕುದುರೆಗೆ ತುರಿಕೆಗೋ ಕೆಮ್ಮಿಗೋ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುವ ಸಂದರ್ಭ ಬಂದರೆ, ಮೈ ಕೊಬ್ಬಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ತೂಕದ ಲೆಕ್ಕ ಹೀಗೆ: ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಉದ್ದ ಅಂದರೆ ಭುಜದ ಮುಂದಿನ ಮೊನೆಯಿಂದ ಪೃಷ್ಠದ ಹಿಂದಿನ ಮೊನೆಯವರೆಗೆ. ನಿಮ್ಮ ಅಳತೆಗೆ 349 ಕೆಜಿ ಬರುತ್ತದೆ. ಲೆಕ್ಕದ ತೂಕ ವೇಬ್ರಿಜ್ಜಿನ ತೂಕಕ್ಕಿಂತ ಹತ್ತಿಪ್ಪತ್ತು ಕೆಜಿ ಆಚೀಚೆ ಇರಬಹುದು, ಆದರೆ ಒಂದೇ ಟೇಪಿನಿಂದ ಒಂದೇ ಜಾಗದಲ್ಲಿ ಅಳೆಯುತ್ತ ಹೋದರೆ ಏರಿತೋ ಇಳಿಯಿತೋ ಎಂಬುದಕ್ಕೆ ಸಾಕು. ಮೇಲೆ ಹೇಳಿದ ಆರೂ ಜಾಗದಲ್ಲಿ ಕೊಬ್ಬು ಸಿಕ್ಕರೆ 310–315 ಕೆಜಿಯನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬಹುದು. ಅಗಲ ಮೈಯ ಕುದುರೆಯನ್ನು ಅದಕ್ಕಿಂತ ಸಪೂರ ಮಾಡಹೊರಟರೆ ಕರಗುವುದು ಸ್ನಾಯು.

ಥೈರಾಯ್ಡ್ ಬಗ್ಗೆ: ಬೆಳೆದ ಕುದುರೆಗಳಲ್ಲಿ ಥೈರಾಯ್ಡ್ ಕೊರತೆ ತೀರಾ ಅಪರೂಪ. ಹದಿನೈದು ದಾಟಿದ ಕುದುರೆಯಾಗಿದ್ದು ಕೂದಲು ಉದುರದೆ ಉದ್ದಕ್ಕೆ ಬೆಳೆದಿದ್ದರೆ ಮೆದುಳಿನ ಪಿಟ್ಯುಟರಿ ಗ್ರಂಥಿಯ ತೊಂದರೆ ಎಂದು ಅನುಮಾನಿಸಬಹುದಿತ್ತು. ನಿಮ್ಮ ಕುದುರೆಗೆ ಉಪಯುಕ್ತವಾದ ರಕ್ತಪರೀಕ್ಷೆ ಇನ್ಸುಲಿನ್‌ನದು. ಅದನ್ನೂ ಮನುಷ್ಯರ ಲ್ಯಾಬಿಗೆ ಸುಮ್ಮನೆ ಕಳಿಸಬೇಡಿ, ಕುದುರೆಯ ರಕ್ತಕ್ಕೆ ಹೊಂದುವ ವಿಧಾನ ಬಳಸುವ ಲ್ಯಾಬ್ ಯಾವುದೆಂದು ವೈದ್ಯರನ್ನು ಕೇಳಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಯಜಮಾನರು ಹೇಳಿದ ಅಳತೆ ತಪ್ಪಲ್ಲ, ಅದು ದಿನವಿಡೀ ಗಾಡಿ ಎಳೆಯುವ ಕುದುರೆಯ ಅಳತೆ. ಈಗಿನ ಕೆಲಸಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುರುಳಿ, ಬೂಸಾದಿಂದಲೇ ಬಂದುಬಿಡುತ್ತದೆ, ನೇಪಿಯರ್ ಬಹುಪಾಲು ಮೇಲೋಗರ. ಬೆಲ್ಲ ಮತ್ತು ಕಬ್ಬಿನ ಸೋಗೆಯನ್ನು ಇವತ್ತೇ ನಿಲ್ಲಿಸಿ, ಇನ್ನು ಯಾವತ್ತೂ ಬೇಡ. ಬೂಸಾ ಮತ್ತು ಹುರುಳಿಯನ್ನು ಹತ್ತು–ಹದಿನಾಲ್ಕು ದಿನದಲ್ಲಿ ನಿಧಾನವಾಗಿ ಇಳಿಸಿ. ಬೂಸಾ ಪೂರ್ತಿ ಹೋಗಲಿ, ಹುರುಳಿ 300 ಗ್ರಾಂ ಉಳಿಯಲಿ. ಇದು ಬೇಯಿಸುವ ಮುನ್ನ ತೂಗಿದ ತೂಕ. ಪೂರ್ತಿ ನಿಲ್ಲಿಸಬಾರದು, ಒಣ ಹುಲ್ಲಿನಲ್ಲಿ ಸಿಗದ ಪ್ರೋಟೀನು ಅದರಲ್ಲಿದೆ. ಉಪ್ಪು ಮತ್ತು ಕುದುರೆಯ ಖನಿಜ ಮಿಶ್ರಣ ಬೆರೆಸಿ ತಿನ್ನಿಸಲೂ ಅನುಕೂಲ. ಉಪ್ಪು ದಿನಕ್ಕೆ 25 ಗ್ರಾಂ ಸಾಕು. ದನದ ಅಥವಾ ಕೋಳಿಯ ಫೀಡನ್ನು ಮಾತ್ರ ಹತ್ತಿರ ತರಬೇಡಿ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯಕ್ಕೆ ವಿಷ.

ಬೂಸಾವನ್ನು ಪೂರ್ತಿ ಬಿಡಿ ಎನ್ನಲು ಇನ್ನೊಂದು ಕಾರಣವಿದೆ. ಗೋಧಿ ಬೂಸಾದಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ಕಡಿಮೆ. ನೇಪಿಯರ್‌ನಲ್ಲಿ, ಅದರಲ್ಲೂ ಎಳೆಯದರಲ್ಲಿ, ಇರುವ ಆಕ್ಸಲೇಟು ಇದ್ದ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಎರಡನ್ನೂ ತಿಂಗಳುಗಟ್ಟಲೆ ಕೊಟ್ಟರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಯ ಮೂಳೆ ಊದಿಕೊಂಡು ಮುಖ ಅಗಲವಾಗುತ್ತದೆ. ಅಗಲ ಮುಖವನ್ನೂ ಹುಟ್ಟಿನ ಲಕ್ಷಣವೆಂದು ಜನ ತಿಳಿದುಬಿಡುತ್ತಾರೆ. ಎರಡು ವರ್ಷದ ಹಿಂದಿನ ಫೋಟೋ ಇದ್ದರೆ ಮುಖವನ್ನು ಹೋಲಿಸಿ ನೋಡಿ, ಮೈಯನ್ನೂ.

ಹುಲ್ಲಿನ ಲೆಕ್ಕ: ತೂಕದ ನೂರಕ್ಕೆ ಒಂದೂವರೆ ಭಾಗ, ಒಣ ಅಂಶದಲ್ಲಿ. ನಿಮ್ಮ ಕುದುರೆಗೆ ಹುರುಳಿ ಬಿಟ್ಟು ದಿನಕ್ಕೆ ಸುಮಾರು ಐದೂವರೆ ಕೆಜಿ ಒಣ ಹುಲ್ಲು. ವೈದ್ಯರ ಕಣ್ಗಾವಲಿಲ್ಲದೆ ಇದಕ್ಕಿಂತ ಕೆಳಗಿಳಿಯಬೇಡಿ. ಗರಿಕೆಯಂಥ ಹುಲ್ಲನ್ನು ಕೊಯ್ದು ಒಣಗಿಸಿದ್ದು ಸಿಕ್ಕರೆ ಉತ್ತಮ. ಮೂರರಲ್ಲಿ ಒಂದು ಪಾಲು ರಾಗಿ ಹುಲ್ಲು ಸೇರಿಸಬಹುದು. ಅದಕ್ಕಿಂತ ಹೆಚ್ಚಾದರೆ, ನೀರು ಕಡಿಮೆ ಕುಡಿದ ದಿನ ಕರುಳಲ್ಲಿ ಕಟ್ಟಿಕೊಂಡು ಹೊಟ್ಟೆನೋವು ಬರುತ್ತದೆ. ಒಣ ಹುಲ್ಲು ಸಾಲದೆ ನೇಪಿಯರನ್ನೇ ಕೊಡಬೇಕಾದರೆ ಬಲಿತದ್ದು ಕೊಡಿ, ತೂಗಿ ಕೊಡಿ. ಐದು ಕೆಜಿ ಹಸಿ ನೇಪಿಯರ್ ಅಂದರೆ ಸುಮಾರು ಒಂದು ಕೆಜಿ ಒಣ ಹುಲ್ಲು ಎಂದು ಲೆಕ್ಕ ಹಿಡಿಯಿರಿ. ಅಂದಾಜಿನ ‘ಒಂದು ಹೊರೆ’ ಬೇಡ, ತೂಗುವ ಕೊಕ್ಕೆತಕ್ಕಡಿ ಒಂದು ಕೊಂಡಿಡಿ. ನಾಲ್ಕು ಹೊತ್ತಿಗೆ ಹಂಚಿ, ರಾತ್ರಿಯದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿ. ಗಂಟೆಗಟ್ಟಲೆ ಖಾಲಿ ಹೊಟ್ಟೆ ಬಿಟ್ಟರೆ ಜಠರದಲ್ಲಿ ಹುಣ್ಣಾಗುತ್ತದೆ. ಒಣ ಹುಲ್ಲನ್ನು ತಣ್ಣೀರಲ್ಲಿ ಒಂದು ಗಂಟೆ ನೆನೆಸಿ ಆ ನೀರು ಚೆಲ್ಲಿದರೆ ಸಕ್ಕರೆಯಂಶ ಸ್ವಲ್ಪ ಇಳಿಯುತ್ತದೆ. ನಮ್ಮ ಸೆಖೆಗೆ ರಾತ್ರಿಯಿಡೀ ನೆನೆಸಿದರೆ ಹುಳಿಯುತ್ತದೆ.

ಹೊರಗೆ ಮೇಯಲು ಬಿಡುವಾಗ ಬಾಯಿಗೆ ಕುಕ್ಕೆ ಕಟ್ಟಬಹುದು. ಕಣದಲ್ಲಿ ಎತ್ತಿಗೆ ಕಟ್ಟುವ ಮುಚ್ಚಿದ ಕುಕ್ಕೆಯಲ್ಲ, ತಳದಲ್ಲಿ ಎರಡು ಬೆರಳಗಲದ ರಂಧ್ರವಿರುವುದು. ನಾಲ್ಕೈದು ಎಸಳು ಸಿಗಬೇಕು, ನೀರು ಕುಡಿಯಲು ಆಗಬೇಕು. ಮೊದಲ ದಿನ ಪಕ್ಕದಲ್ಲೇ ನಿಂತು ನೋಡಿ. ಕಂಬಕ್ಕೆ ಸಿಕ್ಕಿಕೊಂಡರೆ ಕಳಚಿಬೀಳುವಂತೆ ಪಟ್ಟಿ ಸಡಿಲವಿರಲಿ.

ವ್ಯಾಯಾಮ ಕಾಲು ನೆಟ್ಟಗಿದೆ ಎಂದು ಖಚಿತವಾದ ಮೇಲೆ. ಮೊದಲ ಎರಡು ವಾರ ಬೆಳಗ್ಗೆ ಎಂಟರೊಳಗೆ ಇಪ್ಪತ್ತೈದು ನಿಮಿಷ ಚುರುಕು ನಡಿಗೆ, ವಾರಕ್ಕೆ ಐದು ದಿನ, ಸವಾರಿಯಿಲ್ಲದೆ ಹಗ್ಗ ಹಿಡಿದು. ಆಮೇಲೆ ಎರಡೆರಡು ನಿಮಿಷದ ಟ್ರಾಟ್ (ನಿಧಾನದ ಓಟ) ಸೇರಿಸಿ ಆರನೇ ವಾರಕ್ಕೆ ಒಟ್ಟು ಹದಿನೈದು ನಿಮಿಷ ಮುಟ್ಟಿಸಿ. ಕೊಬ್ಬಿದ ಕುದುರೆಗೆ ಮೈಕಾವು ಹೊರಹಾಕುವುದು ಕಷ್ಟ. ನಿಲ್ಲಿಸಿ ಹತ್ತು ನಿಮಿಷವಾದರೂ ಪಕ್ಕೆ ಜೋರಾಗಿ ಏರಿಳಿಯುತ್ತಿದ್ದರೆ ಅವತ್ತಿನದು ಜಾಸ್ತಿಯಾಯಿತು. ಭಾನುವಾರದ ಒಂದು ಗಂಟೆಯ ಸವಾರಿಯನ್ನು ಸದ್ಯಕ್ಕೆ ಬಿಡಿ, ವಾರವಿಡೀ ನಿಂತ ಕುದುರೆಯನ್ನು ಒಮ್ಮೆಲೇ ಓಡಿಸಿದರೆ ಸ್ನಾಯು ಕಟ್ಟಿಕೊಳ್ಳುತ್ತದೆ. ಕೊಬ್ಬಿಳಿದ ಮೇಲೆ ಜೀನು ಮತ್ತೆ ಅಳತೆ ತಪ್ಪುತ್ತದೆ, ಹಾಗಾಗಿ ಈಗಲೇ ಹೊಸದು ಹೊಲಿಸಬೇಡಿ.

ಇನ್ಸುಲಿನ್ ತೀರಾ ಏರಿದ್ದು ಪಥ್ಯದಿಂದ ಇಳಿಯದಿದ್ದರೆ ವೈದ್ಯರು ಕೆಲವು ತಿಂಗಳ ಮಟ್ಟಿಗೆ ಔಷಧಿ ಕೊಡುವುದುಂಟು. ಮೇವು ಬದಲಿಸದೆ ಬರೀ ಔಷಧಿಯಿಂದ ಕುದುರೆ ಇಳಿಯುವುದಿಲ್ಲ.

ವಾರಕ್ಕೆ ಎರಡರಿಂದ ಮೂರೂವರೆ ಕೆಜಿ ಇಳಿದರೆ ಸಾಕು. ಅಂದರೆ ದೀಪಾವಳಿಯ ಹೊತ್ತಿಗೆ ಗುರಿ ಮುಟ್ಟಬಹುದು. ಹದಿನೈದು ದಿನಕ್ಕೊಮ್ಮೆ, ಬೆಳಗಿನ ಮೇವಿಗೆ ಮುಂಚೆ, ಸಮನೆಲದಲ್ಲಿ ನಿಲ್ಲಿಸಿ, ಉಸಿರು ಬಿಟ್ಟಾಗ ಟೇಪು ಹಿಡಿದು ಬರೆದಿಡಿ. ಪಕ್ಕದಿಂದ, ಹಿಂದಿನಿಂದ ಒಂದೊಂದು ಫೋಟೋ ತೆಗೆಯಿರಿ. ಮೊದಲ ಮೂರು ವಾರ ಎದೆಸುತ್ತು ಕದಲದೇ ಇರಬಹುದು, ಯಾಕೆಂದರೆ ಕೊಬ್ಬು ಮೊದಲು ಒಳಗೂ ಕರಗುತ್ತದೆ. ಹಾಗೆಂದು ಇನ್ನಷ್ಟು ಕಡಿತ ಮಾಡಬೇಡಿ. ಕತ್ತಿನ ದಿಂಡು ಎಲ್ಲಕ್ಕಿಂತ ಕೊನೆಗೆ ಕರಗುವುದು. ನಡುವೆ ಯಾವತ್ತಾದರೂ ಕುದುರೆ ಮೇವು ಮೂಸಿ ತಿರುಗಿ ನಿಂತರೆ ಅದನ್ನು ಪಥ್ಯದ ಮುನಿಸು ಎಂದುಕೊಳ್ಳದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಮುಂದಿನ ಸಲ ಲಾಳದವರು ಬಂದಾಗ ಗೊರಸಿನ ತಳವನ್ನೂ ತೋರಿಸಲು ಹೇಳಿ. ಗೋಡೆ ಮತ್ತು ತಳ ಸೇರುವಲ್ಲಿರುವ ಬಿಳಿಗೆರೆ ಅಗಲವಾಗಿದ್ದರೆ, ಅದರಲ್ಲಿ ರಕ್ತದ ಕಲೆಯಿದ್ದರೆ, ಫೋಟೋ ತೆಗೆದು ವೈದ್ಯರಿಗೆ ಕಳಿಸಿ.